ಒಂದೇ ಲೋಟ, ಹತ್ತು ಬಾಯಿ: ಫಿಲಿಪೀನ್ಸ್‌ನ ಕುಡಿತದ ರಾಜಕಾರಣ

ಸಂಜೆ ಹೊತ್ತು, ಫಿಲಿಪೀನ್ಸ್‌ನ ಯಾವುದೋ ಒಂದು ಗಲ್ಲಿ. ಮನೆ ಮುಂದೆ ನಾಲ್ಕೈದು ಪ್ಲಾಸ್ಟಿಕ್ ಕುರ್ಚಿ, ನಡುವೆ ಒಂದು ಬಾಟಲಿ. ಲೋಟ ಮಾತ್ರ ಒಂದೇ! ಇದನ್ನು ಅಲ್ಲಿ 'ತಗಾಯ್' ಅಂತಾರೆ. 'ತಂಗೆರೋ' ಎನ್ನುವವನು ಸುರಿದು ಒಬ್ಬೊಬ್ಬರಿಗೇ ಕೊಡುತ್ತಾನೆ. ಕುಡಿದವರು ಲೋಟ ವಾಪಸ್ ಕೊಟ್ಟ ಮೇಲೆ ಮುಂದಿನವರ ಸರದಿ. ನೆಂಚಿಕೊಳ್ಳೋಕೆ 'ಪುಲುತಾನ್': ಕಡಲೆಬೀಜ, ಸುಟ್ಟ ಮಾಂಸ, ಹಂದಿ ತಲೆಮಾಂಸ ಹೆಚ್ಚಿ ಮಾಡಿದ ಸಿಸಿಗ್.

ನೋಡೋಕೆ ಇದು ಸಮಾನತೆ. ಎಲ್ಲರಿಗೂ ಒಂದೇ ಲೋಟ, ಒಂದೇ ಅಳತೆ. ಆದರೆ ಸರದಿ ಬಂದಾಗ 'ಬೇಡ' ಅನ್ನೋದು ಸುಲಭವಲ್ಲ. ಅಲ್ಲಿ ಲೋಟ ನಿರಾಕರಿಸಿದರೆ ಸ್ನೇಹವನ್ನೇ ನಿರಾಕರಿಸಿದಂತೆ.

ಈ ಲೋಟದೊಳಗೆ ಇತಿಹಾಸವೂ ಇದೆ. ಉತ್ತರದ ಇಲೋಕೋಸ್‌ನಲ್ಲಿ ಕಬ್ಬಿನ ಹಾಲಿನಿಂದ 'ಬಾಸಿ' ಮಾಡುತ್ತಾರೆ. ಹಬ್ಬ, ಮದುವೆ, ಸಾವು ಎಲ್ಲಕ್ಕೂ ಅದು ಬೇಕು. ಸ್ಪೇನ್‌ನ ವಸಾಹತು ಸರ್ಕಾರ ಮದ್ಯದ ಮೇಲೆ ಏಕಸ್ವಾಮ್ಯ ಸ್ಥಾಪಿಸಿ, ಜನ ಬಾಸಿಯನ್ನು ತಾವೇ ತಯಾರಿಸುವುದನ್ನು ನಿಷೇಧಿಸಿತು. ತಮ್ಮ ಕಬ್ಬು, ತಮ್ಮ ಪಾನೀಯ, ಆದರೆ ಸರ್ಕಾರದ ಅಂಗಡಿಯಲ್ಲೇ ಕೊಳ್ಳಬೇಕು! 1807ರಲ್ಲಿ ಪಿದ್ದಿಗ್ ಊರಿನಿಂದ ಜನ ದಂಗೆ ಎದ್ದರು. ಸೈನ್ಯ ಅದನ್ನು ರಕ್ತದಲ್ಲಿ ಮುಳುಗಿಸಿತು. 1821ರಲ್ಲಿ ಎಸ್ತೆಬಾನ್ ವಿಲ್ಯಾನ್ಯುವೆವಾ ಬರೆದ 14 ಚಿತ್ರಗಳು ಆ ಕಥೆಯನ್ನು ಇಂದಿಗೂ ಹೇಳುತ್ತಿವೆ.

1890ರಲ್ಲಿ ಮನಿಲಾದಲ್ಲಿ ಸ್ಯಾನ್ ಮಿಗೆಲ್ ಬಿಯರ್ ಕಾರ್ಖಾನೆ ಶುರುವಾಯಿತು. ಇಂದು ಬಡವರ ಗಲ್ಲಿಯಲ್ಲಿ ಅಗ್ಗದ ಜಿನ್‌ನದೇ ದರ್ಬಾರು. ದೇಶದ ಅತಿ ಜನಪ್ರಿಯ ಬಾಸ್ಕೆಟ್‌ಬಾಲ್ ತಂಡಗಳಲ್ಲೊಂದರ ಹೆಸರೇ 'ಬರಂಗಾಯ್ ಜಿನೆಬ್ರಾ', ಅಂದರೆ ಜಿನ್ ಬ್ರಾಂಡಿನದು.

ಹಳೆಯದೆಲ್ಲ ಒಳ್ಳೆಯದು ಅಂತಲ್ಲ. ತೆಂಗಿನ ಮರದಿಂದ ಇಳಿಸುವ 'ತುಬಾ' ನಮ್ಮ ಶೇಂದಿಯ ಹಾಗೇ. ಅದನ್ನು ಭಟ್ಟಿ ಇಳಿಸಿದರೆ 'ಲಂಬಾನೋಗ್'. 2019ರ ಡಿಸೆಂಬರ್‌ನಲ್ಲಿ ಲಗುನಾ, ಕೆಝೋನ್ ಪ್ರಾಂತ್ಯಗಳಲ್ಲಿ ಮೆಥನಾಲ್ ಬೆರೆತ ಲಂಬಾನೋಗ್ ಕುಡಿದು ಹತ್ತಕ್ಕೂ ಹೆಚ್ಚು ಜನ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ನಮ್ಮ ಕಳ್ಳಬಟ್ಟಿ ದುರಂತಗಳು ನೆನಪಾಗುತ್ತವೆ, ಅಲ್ವಾ?

2012ರಲ್ಲಿ ಅಲ್ಲಿನ ಸರ್ಕಾರ ಮದ್ಯ, ತಂಬಾಕಿನ ತೆರಿಗೆ ಏರಿಸಿ, ಹೆಚ್ಚುವರಿ ಹಣದ ದೊಡ್ಡ ಪಾಲನ್ನು ಜನರ ಆರೋಗ್ಯಕ್ಕೆ ಮೀಸಲಿಟ್ಟಿತು. ಒಳ್ಳೆಯ ಹೆಜ್ಜೆಯೇ. ಆದರೆ ಬರೀ ಬೆಲೆ ಏರಿಸಿ ಸುಮ್ಮನಾದರೆ ಬಡವರು ಇನ್ನೂ ಅಗ್ಗದ ಬಾಟಲಿ ಹುಡುಕುತ್ತಾರೆ. ಆ ಬಾಟಲಿಯಲ್ಲಿ ಏನಿದೆ ಅಂತ ಪರೀಕ್ಷಿಸುವ ಹೊಣೆಯೂ ಸರ್ಕಾರದ್ದೇ. ಯಾಕಂದ್ರೆ ತಗಾಯ್‌ನಲ್ಲಿ ಒಂದು ಬಾಟಲಿ ಕೆಟ್ಟರೆ ಇಡೀ ಗುಂಪೇ ಹೋಗುತ್ತದೆ.