ಗಿಟಾರಿನ ಗರ್ಜನೆಗೆ ಓಮ್‌ನ ಕಡಿವಾಣ

ವಿದ್ಯುತ್ ಗಿಟಾರಿನ ತಂತಿಯಿಂದ ಹೊರಡುವ ಸಂಕೇತ ಅತ್ಯಂತ ಕ್ಷೀಣವಾದುದು. ಅದಕ್ಕೆ ಬಲ ತುಂಬುವುದು ಆಂಪ್ಲಿಫೈಯರ್. ಲಂಡನ್ನಿನ ಜಿಮ್ ಮಾರ್ಷಲ್ 1960ರ ದಶಕದಲ್ಲಿ ಆರಂಭಿಸಿದ ಉದ್ಯಮದಿಂದ ನಿರ್ವಾತ ನಳಿಕೆಗಳುಳ್ಳ ನೂರು ವಾಟ್‌ಗಳ ಆಂಪ್ಲಿಫೈಯರುಗಳು ಹೊರಬಂದು ಲೋಕಪ್ರಸಿದ್ಧವಾದವು. ನಳಿಕೆಗಳನ್ನು ಅವುಗಳ ಮಿತಿಯವರೆಗೂ ದುಡಿಸಿದಾಗ ನಾದವು ಒಡೆದು, ರಾಕ್ ಸಂಗೀತಗಾರರಿಗೆ ಪ್ರಿಯವಾದ ಒರಟು ಇಂಪು ಹುಟ್ಟುತ್ತದೆ. ಆದರೆ ಆ ಸದ್ದನ್ನು ಮನೆಯೂ ತಾಳದು, ಕಿವಿಯೂ ತಾಳದು. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ಕೇಳಬಹುದೆಂಬುದು ತಜ್ಞರು ಹಾಕಿರುವ ಮಿತಿ. ಸದ್ದು 3 ಡೆಸಿಬೆಲ್ ಏರಿದಂತೆಲ್ಲ ಅವಧಿ ಅರ್ಧಕ್ಕಿಳಿಯುತ್ತದೆ; 100 ಡೆಸಿಬೆಲ್‌ಗೆ ಉಳಿಯುವುದು ಹದಿನೈದೇ ನಿಮಿಷ.

ನಾದ ಉಳಿಯಬೇಕು, ಸದ್ದು ಇಳಿಯಬೇಕು. ಈ ಇಕ್ಕಟ್ಟಿಗೆ ಉತ್ತರವೇ ‘ಪವರ್ ಅಟೆನ್ಯುಯೇಟರ್’. ಆಂಪ್ಲಿಫೈಯರಿಗೂ ಸ್ಪೀಕರಿಗೂ ನಡುವೆ ಕುಳಿತು, ಹೆಚ್ಚಿನ ಶಕ್ತಿಯನ್ನು ಶಾಖವಾಗಿಸುವುದು ಇದರ ಕೆಲಸ. ಎಂ.ಐ.ಟಿ.ಯಲ್ಲಿ ಇಂಜಿನಿಯರಿಂಗ್ ಕಲಿತ, ‘ಬೋಸ್ಟನ್’ ವಾದ್ಯವೃಂದದ ಟಾಮ್ ಶೋಲ್ಜ್ 1980ರಲ್ಲಿ ಸ್ಥಾಪಿಸಿದ ಸಂಸ್ಥೆಯ ಮೊದಲ ಉತ್ಪನ್ನ ‘ಪವರ್ ಸೋಕ್’ ಇಂಥದೇ ಸಾಧನ.

ಇಲ್ಲಿ ಒಂದು ಕಟ್ಟಳೆಯುಂಟು. ಆಂಪ್ಲಿಫೈಯರು 8 ಓಮ್ ಕೇಳಿದರೆ ಅದಕ್ಕೆ 8 ಓಮೇ ಕಾಣಿಸಬೇಕು. ಪ್ರೌಢಶಾಲೆಯ ಗಣಿತವೇ ಇದಕ್ಕೆ ಸಾಕು. 8 ಓಮ್ ಸ್ಪೀಕರಿಗೆ ಸಮಾಂತರವಾಗಿ ಎಂಟರಲ್ಲಿ ಒಂಬತ್ತನೆಯ ಒಂದು ಭಾಗದಷ್ಟು, ಎಂದರೆ ಸುಮಾರು 0.89 ಓಮ್ ರೋಧಕವನ್ನು ಜೋಡಿಸಿದರೆ ಒಟ್ಟು ರೋಧ 0.8 ಓಮ್ ಆಗುತ್ತದೆ. ಅದಕ್ಕೆ ಸರಣಿಯಲ್ಲಿ 7.2 ಓಮ್ ಸೇರಿಸಿದರೆ ಮತ್ತೆ 8 ಓಮ್! ನೂರು ವಾಟ್‌ಗಳಲ್ಲಿ 90 ವಾಟ್ ಸರಣಿ ರೋಧಕದಲ್ಲಿಯೂ 9 ವಾಟ್ ಸಮಾಂತರ ರೋಧಕದಲ್ಲಿಯೂ ಬಿಸಿಯಾಗಿ ಕಳೆದು, ಸ್ಪೀಕರಿಗೆ ಒಂದೇ ವಾಟ್ ತಲಪುತ್ತದೆ. ಶಕ್ತಿ ನೂರರಲ್ಲೊಂದು ಪಾಲಾದರೂ ಕಿವಿಗೆ ಸದ್ದು ಸುಮಾರು ಕಾಲುಭಾಗದಷ್ಟು ಕೇಳಿಸುತ್ತದೆ. ನಮ್ಮ ಶ್ರವಣದ ಸ್ವಭಾವವೇ ಹಾಗೆ.

ಸ್ಪೀಕರಿನ ಓಮ್ ಸ್ಥಿರವಲ್ಲ. ಸ್ವರ ಏರಿಳಿದಂತೆ ಅದೂ ಬದಲಾಗುತ್ತದೆ. ಬರಿಯ ರೋಧಕಗಳ ಸಾಧನದಲ್ಲಿ ನಾದ ತುಸು ಮಂಕಾಗಲು ಇದೂ ಒಂದು ಕಾರಣ. ಉತ್ತಮ ಸಾಧನಗಳಲ್ಲಿ ಸುರುಳಿ ಮತ್ತು ಕೆಪಾಸಿಟರುಗಳನ್ನೂ ಸೇರಿಸಿ ಸ್ಪೀಕರಿನ ವರ್ತನೆಯನ್ನೇ ಅನುಕರಿಸುತ್ತಾರೆ.

ಹೊಂದಿಕೆ ತಪ್ಪಿದರೆ ನಷ್ಟ ಸಣ್ಣದಲ್ಲ. ನಳಿಕೆಯ ಆಂಪ್ಲಿಫೈಯರನ್ನು ಸ್ಪೀಕರಾಗಲಿ ಬೇರೆ ಹೊರೆಯಾಗಲಿ ಇಲ್ಲದೆ ನುಡಿಸಿದರೆ ಅದರ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜ್ ವಿಪರೀತವಾಗಿ ಏರಿ, ತಂತಿಯ ಹೊದಿಕೆ ಸುಟ್ಟುಹೋಗಬಹುದು. ಟ್ರಾನ್ಸಿಸ್ಟರ್ ಆಂಪ್ಲಿಫೈಯರಿಗೆ ಇದಕ್ಕೆ ವಿರುದ್ಧವಾದ ಭಯ: ಓಮ್ ತೀರ ಕಡಿಮೆಯಾದರೆ ಅತಿಯಾದ ಪ್ರವಾಹ ಹರಿದು ಅದು ಹಾಳಾಗುತ್ತದೆ.

ಆದುದರಿಂದ ಮೂರು ಪೆಟ್ಟಿಗೆಗಳ ಬೆನ್ನಿನ ಮೇಲಿರುವ ಓಮ್ ಸಂಖ್ಯೆಗಳನ್ನು ಮೊದಲು ಓದಬೇಕು. ಅಟೆನ್ಯುಯೇಟರು ತಾಳುವ ವಾಟ್ ಆಂಪ್ಲಿಫೈಯರಿನ ವಾಟ್‌ಗಿಂತ ಹೆಚ್ಚಿರಬೇಕು, ಸುತ್ತ ಗಾಳಿಯಾಡಬೇಕು. ತಂತಿ ಬದಲಿಸುವ ಮುನ್ನ ಆಂಪ್ಲಿಫೈಯರನ್ನು ಆರಿಸಬೇಕು. ಆರಿಸಿದ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಮಾರಕ ವಿದ್ಯುತ್ ಉಳಿದಿರಬಹುದಾದುದರಿಂದ ಮಕ್ಕಳು ಪೆಟ್ಟಿಗೆಯನ್ನು ಬಿಚ್ಚಲೇಬಾರದು. ಲೆಕ್ಕವನ್ನು ಹಾಳೆಯ ಮೇಲೆ ಮಾಡಲಿ, ದುರಸ್ತಿಯನ್ನು ಬಲ್ಲವರಿಗೆ ಬಿಡಲಿ.