ಊದುಬತ್ತಿಯಲ್ಲಿ ಸಿಕ್ಕಿಕೊಂಡ ಹಣ

ದೇವರ ಮುಂದೆ ಹಚ್ಚಿಟ್ಟ ಊದುಬತ್ತಿ ಉರಿದು ಬೂದಿಯಾಗಲು ಅರ್ಧ ಮುಕ್ಕಾಲು ಗಂಟೆ ಸಾಕು. ಅದಕ್ಕಾಗಿ ಹೂಡಿದ ಹಣ ತಯಾರಿಸಿದವನ ಕೈಗೆ ಮರಳಿ ಬರಲು ಮೂರು ತಿಂಗಳು ಹಿಡಿಯುವುದುಂಟು. ಸಣ್ಣ ಊದುಬತ್ತಿ ಉದ್ದಿಮೆಯ ಏಳುಬೀಳುಗಳೆಲ್ಲ ಈ ಮೂರು ತಿಂಗಳಲ್ಲೇ ಅಡಗಿವೆ.

ಹೆಸರಿನಲ್ಲೇ ಒಂದು ಸ್ವಾರಸ್ಯವಿದೆ. ‘ಅಗರು’ ಸಂಸ್ಕೃತದ್ದು, ‘ಊದು’ ಅರಬ್ಬಿಯಿಂದ ಬಂದದ್ದು. ಎರಡೂ ಹೇಳುವುದು ಒಂದೇ ಸುಗಂಧಮರವನ್ನು. ಅಂಗಡಿಯಲ್ಲಿ ಸಿಗುವ ಅಗ್ಗದ ಕಡ್ಡಿಯಲ್ಲಿ ಆ ಮರದ ಚೂರೂ ಇರುವುದಿಲ್ಲ ಎಂಬುದು ಬೇರೆ ಮಾತು. ಇದ್ದಿಲ ಪುಡಿ, ಮರದ ಹೊಟ್ಟು, ಕಾಡುಮರದ ತೊಗಟೆಯಿಂದ ಬರುವ ಜಿಗಟು ಇವಿಷ್ಟನ್ನು ನೀರಿನಲ್ಲಿ ಕಲಸಿ ಬಿದಿರುಕಡ್ಡಿಗೆ ಹೊಸೆದರೆ ಕಚ್ಚಾಬತ್ತಿ ಸಿದ್ಧ. ಒಣಗಿದ ಮೇಲೆ ಅದನ್ನು ಸುಗಂಧದ್ರವ್ಯದಲ್ಲಿ ಅದ್ದಿ, ಆರಲು ಬಿಟ್ಟು, ಪೊಟ್ಟಣಕ್ಕೆ ತುಂಬುತ್ತಾರೆ. ಮೈಸೂರು ಮತ್ತು ಬೆಂಗಳೂರು ಈ ಕಸುಬಿನ ಹಳೆಯ ನೆಲೆಗಳು. 1948ರಲ್ಲಿ ಎನ್. ರಂಗರಾವ್ ಮೈಸೂರಿನಲ್ಲಿ ಆರಂಭಿಸಿದ ಉದ್ದಿಮೆ ‘ಸೈಕಲ್’ ಬ್ರಾಂಡಾಗಿ ಬೆಳೆಯಿತು. 2005ರಲ್ಲಿ ‘ಮೈಸೂರು ಅಗರಬತ್ತಿ’ಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು.

ಇಷ್ಟು ಸರಳವಾದ ಕೆಲಸಕ್ಕೆ ಬಂಡವಾಳವೂ ಅಲ್ಪವೇ ಸಾಕು ಎಂದು ಹೊರಗಿನವರಿಗೆ ತೋರುತ್ತದೆ. ಶುರು ಮಾಡಲು ಅಲ್ಪ ಸಾಕು ಎಂಬುದು ನಿಜ. ಒಂದು ಕೋಣೆ, ಒಂದು ಹಲಗೆ, ಹೊಸೆಯುವ ಕೈಗಳು ಇದ್ದರಾಯಿತು. ಮುಂದುವರಿಸುವುದು ಮಾತ್ರ ಬೇರೆಯ ಲೆಕ್ಕ. ವರ್ಷಕ್ಕೆ 15 ಲಕ್ಷ ರೂಪಾಯಿ ಖರ್ಚು ಮಾಡಿ 18 ಲಕ್ಷ ರೂಪಾಯಿಯ ಮಾಲು ಮಾರುವ ಒಂದು ಘಟಕವನ್ನು ಉದಾಹರಣೆಗೆ ಊಹಿಸಿಕೊಳ್ಳೋಣ. ಕಡ್ಡಿ, ಜಿಗಟು, ಸುಗಂಧದ್ರವ್ಯಗಳ ದಾಸ್ತಾನಿನಲ್ಲಿ ಹಣ ಇಪ್ಪತ್ತು ದಿನ ಕೂರುತ್ತದೆ. ಹೊಸೆಯುವುದು, ಒಣಗಿಸುವುದು, ಅದ್ದುವುದರಲ್ಲಿ ಹದಿನೈದು ದಿನ. ಪೊಟ್ಟಣವಾಗಿ ಅಂಗಡಿ ಸೇರುವಷ್ಟರಲ್ಲಿ ಇನ್ನೊಂದು ಹತ್ತು ದಿನ. ಅಂಗಡಿಯವನು ಕೇಳುವ ಉದ್ರಿ ನಲವತ್ತೈದು ದಿನ. ಒಟ್ಟು ತೊಂಬತ್ತು ದಿನ, ಅಂದರೆ ವರ್ಷದ ಕಾಲುಭಾಗ. 15 ಲಕ್ಷದ ಕಾಲುಭಾಗವಾದ 3,75,000 ರೂಪಾಯಿ ಸದಾ ಒಂದಲ್ಲ ಒಂದು ಕಡೆ ಸಿಕ್ಕಿಕೊಂಡಿರುತ್ತದೆ. ಇದೇ ದುಡಿಯುವ ಬಂಡವಾಳ.

ಘಟಕದವನ ಬಳಿ 90,000 ರೂಪಾಯಿ ಸ್ವಂತ ಹಣ ಇದೆ ಎನ್ನೋಣ. ಉಳಿದ 2,85,000ಕ್ಕೆ ಅವನು ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯ ಕೈಸಾಲ ಮಾಡಿದರೆ ತಿಂಗಳಿಗೆ 8,550, ವರ್ಷಕ್ಕೆ 1,02,600 ರೂಪಾಯಿ ಬಡ್ಡಿ. ಖರ್ಚು ಕಳೆದು ಉಳಿಯುವ 3 ಲಕ್ಷದಲ್ಲಿ ಮೂರನೆಯ ಒಂದು ಭಾಗ ಬತ್ತಿ ಹೊಸೆಯದ, ಅದ್ದದ, ಮಾರದ ವ್ಯಕ್ತಿಗೆ ಹೋಗುತ್ತದೆ.

ಮಳೆಗಾಲ ಈ ಲೆಕ್ಕವನ್ನು ಇನ್ನಷ್ಟು ಹದಗೆಡಿಸುತ್ತದೆ. ಶ್ರಾವಣ, ಗಣೇಶ ಚತುರ್ಥಿ, ದಸರಾ, ದೀಪಾವಳಿ ಸಾಲಾಗಿ ಬರುವಾಗ ಊದುಬತ್ತಿಗೆ ಒಳ್ಳೆಯ ಬೇಡಿಕೆ. ಆ ಮಾಲು ತಯಾರಾಗಬೇಕಾದದ್ದು ಅದಕ್ಕೆ ಮೊದಲು, ಬಿಸಿಲೇ ಇಲ್ಲದ ದಿನಗಳಲ್ಲಿ. ಬತ್ತಿ ಒಣಗುವುದು ತಡವಾಗುತ್ತದೆ, ಬೂಷ್ಟು ಹಿಡಿಯುವ ಭಯ ಬೇರೆ. ಹೆಚ್ಚು ಹಣ ಬೇಕಾದ ಹೊತ್ತಿನಲ್ಲೇ ಹಣ ನಿಧಾನವಾಗಿ ತಿರುಗುತ್ತದೆ.

ಹೀಗಿರುವಾಗ ಬ್ಯಾಂಕು ಏನು ಮಾಡುತ್ತದೆ? ಸಣ್ಣವರ ಹಣದ ರೀತಿ ಕರ್ನಾಟಕದ ಬ್ಯಾಂಕುಗಳಿಗೆ ಹೊಸದೇನಲ್ಲ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲೇ ದಿನಕ್ಕೆ ಎರಡಾಣೆ ಸಂಗ್ರಹಿಸುವ ಪಿಗ್ಮಿ ಠೇವಣಿ ಶುರು ಮಾಡಿತ್ತು. ಆದರೆ ಸಣ್ಣವರಿಂದ ಹಣ ಪಡೆಯುವುದು ಒಂದು ಬಗೆ, ಅವರಿಗೆ ಸಾಲ ಕೊಡುವುದು ಇನ್ನೊಂದು ಬಗೆ. ಸಾಲಕ್ಕೆ ಬ್ಯಾಂಕು ಕಣ್ಣಿಗೆ ಕಾಣುವ ಆಧಾರ ಹುಡುಕುತ್ತದೆ. ಯಂತ್ರ ಕಾಣುತ್ತದೆ. ಅಂಗಡಿಯವನ ಬಳಿ ಇರುವ ಉದ್ರಿ ಕಾಣುವುದಿಲ್ಲ.

ಈ ತೊಡಕನ್ನು ಸರಿಯಾಗಿ ಗುರುತಿಸಿದ್ದು ಪಿ.ಆರ್. ನಾಯಕ್ ಸಮಿತಿ. ಸಣ್ಣ ಘಟಕಗಳ ಅಂದಾಜು ವಾರ್ಷಿಕ ವಹಿವಾಟಿನ ಶೇ 20ರಷ್ಟನ್ನು ಬ್ಯಾಂಕು ದುಡಿಯುವ ಬಂಡವಾಳವಾಗಿ ಕೊಡಬೇಕು, ಶೇ 5ರಷ್ಟನ್ನು ಮಾಲೀಕ ಹಾಕಬೇಕು ಎಂಬ ಸರಳ ಸೂತ್ರ 1992ರ ಅದರ ವರದಿಯಿಂದ ಬಂತು. ಮೇಲಿನ ಘಟಕಕ್ಕೆ ಇದನ್ನು ಅನ್ವಯಿಸಿದರೆ ಬ್ಯಾಂಕಿನಿಂದ 3,60,000 ಸಿಗಬೇಕು, ಮಾಲೀಕ ಹಾಕಬೇಕಾದದ್ದು ಅದೇ 90,000. ಮಳೆಗಾಲಕ್ಕೂ ಒಂದಿಷ್ಟು ಉಳಿಯುತ್ತದೆ. ಕ್ಯಾಷ್ ಕ್ರೆಡಿಟ್ ಖಾತೆಯಾದರೆ ಬಳಸಿದ ಮೊತ್ತಕ್ಕೆ, ಬಳಸಿದ ದಿನಗಳಿಗೆ ಮಾತ್ರ ಬಡ್ಡಿ. ಊದುಬತ್ತಿಯವನಿಗೆ ಬೇಕಾದದ್ದು ಇಂಥ ಸಾಲವೇ.

ಆದರೆ ಅವನು ಸಾಮಾನ್ಯವಾಗಿ ಕೇಳುವುದು ಸಬ್ಸಿಡಿ ಇರುವ ಸಾಲವನ್ನು. 2008ರಲ್ಲಿ ಜಾರಿಗೆ ಬಂದ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದ ನಿಯಮದಂತೆ ಸಾಮಾನ್ಯ ವರ್ಗದವರಿಗೆ ನಗರದಲ್ಲಿ ಯೋಜನಾ ವೆಚ್ಚದ ಶೇ 15, ಹಳ್ಳಿಯಲ್ಲಿ ಶೇ 25 ಸಹಾಯಧನ. ಮಹಿಳೆಯರು, ಪರಿಶಿಷ್ಟರು ಮೊದಲಾದವರಿಗೆ ಶೇ 25 ಮತ್ತು ಶೇ 35. ಈ ಹಣ ಕೈಗೆ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿದ್ದು ಆಮೇಲೆ ಸಾಲಕ್ಕೆ ವಜಾ ಆಗುತ್ತದೆ. ಇನ್ನೊಂದು ಷರತ್ತೂ ಇದೆ: ಯಂತ್ರ, ಷೆಡ್ಡು ಮುಂತಾದ ಸ್ಥಿರ ವೆಚ್ಚವೇ ಇಲ್ಲದ ಯೋಜನೆಗೆ ಇದರಲ್ಲಿ ಅವಕಾಶವಿಲ್ಲ. ಹೀಗಾಗಿ ಯಂತ್ರ ಬೇಡದವನೂ ಯಂತ್ರದ ಕೊಟೇಷನ್ ಹಿಡಿದು ಬ್ಯಾಂಕಿಗೆ ಹೋಗುತ್ತಾನೆ. ಮಾಡಿದ ಬತ್ತಿಯನ್ನೆಲ್ಲ ತಾವೇ ಕೊಳ್ಳುತ್ತೇವೆ ಎಂದು ನಂಬಿಸಿ ಯಂತ್ರ ಮಾರಿ, ಬತ್ತಿ ತಂದಾಗ ‘ಗುಣಮಟ್ಟ ಸಾಲದು’ ಎನ್ನುವ ಮಾರಾಟಗಾರರಿಗೆ ಇದು ಸುಗ್ಗಿ. ಕೊನೆಗೆ ಷೆಡ್ಡಿನಲ್ಲಿ ಯಂತ್ರ ಇರುತ್ತದೆ, ಜಿಗಟು ಕೊಳ್ಳಲು ಕಾಸಿರುವುದಿಲ್ಲ.

ಯಂತ್ರದ ಜತೆಗೆ ಕಡ್ಡಿಯ ಸಮಸ್ಯೆಯೂ ಬರುತ್ತದೆ. ಕೈಯಲ್ಲಿ ಹೊಸೆಯಲು ತ್ರಿಪುರಾ, ಅಸ್ಸಾಂಗಳ ಚೌಕಾಕಾರದ ಕಡ್ಡಿ ನಡೆಯುತ್ತಿತ್ತು. ಯಂತ್ರಕ್ಕೆ ಒಂದೇ ದಪ್ಪದ ದುಂಡು ಕಡ್ಡಿಯೇ ಬೇಕು. ಅದು ಹೆಚ್ಚಾಗಿ ಚೀನಾ, ವಿಯೆಟ್ನಾಂಗಳಿಂದ ಬರತೊಡಗಿತು. 2011ರಲ್ಲಿ ಬಿದಿರುಕಡ್ಡಿಯ ಆಮದು ಸುಂಕವನ್ನು ಶೇ 30ರಿಂದ 10ಕ್ಕೆ ಇಳಿಸಿದಾಗ ತ್ರಿಪುರಾದ ಕಡ್ಡಿ ಸೀಳುವವರು ಕೆಲಸ ಕಳೆದುಕೊಂಡರು. 2020ರಲ್ಲಿ ಸುಂಕ ಶೇ 25ಕ್ಕೆ ಏರಿದಾಗ ಆಮದು ಕಡ್ಡಿ ನೆಚ್ಚಿದ ಘಟಕಗಳ ದಾಸ್ತಾನಿನ ಖರ್ಚು ಹೆಚ್ಚಿತು. ದೆಹಲಿಯಲ್ಲಿ ಸುಂಕ ಬದಲಾದರೆ ಮೈಸೂರಿನ ಓಣಿಯಲ್ಲಿ ಸಾಲದ ಮೊತ್ತ ಬದಲಾಗುತ್ತದೆ.

ಉದ್ರಿಯ ವಿಷಯಕ್ಕೆ ಕಾನೂನು ಇಲ್ಲದಿಲ್ಲ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಕಾಯ್ದೆಯ ಪ್ರಕಾರ, ನೋಂದಾಯಿತ ಸಣ್ಣ ತಯಾರಕನಿಗೆ ಕೊಳ್ಳುವವನು ಹೆಚ್ಚೆಂದರೆ 45 ದಿನಗಳೊಳಗೆ ಹಣ ಕೊಡಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕಾನೂನು ಚೆನ್ನಾಗಿಯೇ ಇದೆ. ಆದರೆ ಹತ್ತು ಕಂಪನಿಗಳ ಬತ್ತಿ ಇಡುವ ಸಗಟು ವ್ಯಾಪಾರಿಯ ಮೇಲೆ ದೂರು ಕೊಟ್ಟ ತಯಾರಕನ ಪೊಟ್ಟಣ ಮರುದಿನ ಆ ಕಪಾಟಿನಲ್ಲಿ ಇರುತ್ತದೆಯೇ?

ದೂರು ಕೊಡಲಾಗದವನು ತನಗಿಂತ ಕೆಳಗಿನವರ ಕಡೆ ನೋಡುತ್ತಾನೆ. ಹೊಸೆಯುವವರಲ್ಲಿ ಬಹುಪಾಲು ಹೆಂಗಸರು, ಮನೆಯಲ್ಲೇ ಕೂತು ಸಾವಿರ ಬತ್ತಿಗೆ ಇಷ್ಟೆಂದು ಕೂಲಿ ಪಡೆಯುವವರು. ಅಂಗಡಿಯಿಂದ ಹಣ ಬಾರದ ವಾರ ಬಟವಾಡೆ ಮುಂದಕ್ಕೆ ಹೋಗುತ್ತದೆ. ಯಾವ ಬ್ಯಾಂಕಿನ ಕಡತದಲ್ಲೂ ಆಕೆಯ ಹೆಸರಿಲ್ಲದಿದ್ದರೂ ಆ ವಾರ ಉದ್ದಿಮೆಗೆ ಸಾಲ ಕೊಟ್ಟವಳು ಆಕೆಯೇ, ಅದೂ ಬಡ್ಡಿಯಿಲ್ಲದೆ.

ಈ ಎಳೆದಾಟ ಸಾಕಾದವರಿಗೆ ಇನ್ನೊಂದು ದಾರಿಯಿದೆ. ತಮ್ಮ ಹೆಸರಿನ ಪೊಟ್ಟಣ ಬಿಟ್ಟು, ದೊಡ್ಡ ಕಂಪನಿಯಿಂದ ಕಡ್ಡಿ ಮತ್ತು ಪುಡಿ ಪಡೆದು ಕಚ್ಚಾಬತ್ತಿ ಹೊಸೆದು ಕೊಡುವುದು. ದಾಸ್ತಾನೂ ಕಂಪನಿಯದು, ಅಂಗಡಿಯ ಉದ್ರಿಯೂ ಕಂಪನಿಯದು. ತೊಂಬತ್ತು ದಿನ ಕಾಯುವ ಕಷ್ಟ ಇರುವುದಿಲ್ಲ. ಅದ್ದುವ ಕೋಣೆ ಮಾತ್ರ ಖಾಲಿಯಾಗುತ್ತದೆ, ಸಾವಿರಕ್ಕೆ ಇಷ್ಟು ಎಂಬ ಕೂಲಿಯ ಲೆಕ್ಕ ಮಾಲೀಕನಿಗೂ ಬರುತ್ತದೆ.