ವಿಡಿಯೋ ಎಡಿಟಿಂಗ್‌ಗೆ ಕಂಪ್ಯೂಟರ್ ಮತ್ತು ಮಾನಿಟರ್ ಆಯ್ಕೆ

1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ಅಂದಿನ ಗುಲ್ಬರ್ಗಾ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳ ಆಯ್ದ ಹಳ್ಳಿಗಳಲ್ಲಿ ಜನರು ಸಂಜೆಯ ವೇಳೆ ಒಂದೆಡೆ ಸೇರಿ, ಉಪಗ್ರಹದ ಮೂಲಕ ಬರುತ್ತಿದ್ದ ಕೃಷಿ ಕಾರ್ಯಕ್ರಮಗಳನ್ನು ಟಿ.ವಿ.ಯಲ್ಲಿ ನೋಡುತ್ತಿದ್ದರು. ಚಿತ್ರ ತೆಗೆಯುವವರು ಬೇರೆ, ನೋಡುವವರು ಬೇರೆ ಆಗಿದ್ದ ಕಾಲವದು. ಈಗ ರೈತರೇ ತಮ್ಮ ಹೊಲದ ಬೆಳೆ, ಬೀಜೋಪಚಾರ, ಔಷಧಿ ಸಿಂಪರಣೆ ಮುಂತಾದವುಗಳನ್ನು ಮೊಬೈಲಿನಲ್ಲಿ ಚಿತ್ರಿಸಿ ಯೂಟ್ಯೂಬ್ ಹಾಗೂ ವಾಟ್ಸಾಪ್ ಮೂಲಕ ಇತರರಿಗೆ ತಲುಪಿಸುತ್ತಿದ್ದಾರೆ. ವಿಸ್ತರಣಾ ಕಾರ್ಯಕರ್ತರೂ ಪ್ರಾತ್ಯಕ್ಷಿಕೆಗಳನ್ನು ಹೀಗೆಯೇ ದಾಖಲಿಸುತ್ತಾರೆ. ಸ್ವಲ್ಪ ದಿನ ಈ ಕೆಲಸ ಮಾಡಿದವರಿಗೆ ಮೊಬೈಲಿನ ಸಣ್ಣ ಪರದೆ ಸಾಲದೆಂದು ತೋರಿ, ಎಡಿಟಿಂಗ್‌ಗಾಗಿ ಕಂಪ್ಯೂಟರ್ ಕೊಳ್ಳುವ ಆಲೋಚನೆ ಬರುವುದು ಸಹಜ. ಆಗ ಹಣವನ್ನು ಯಾವುದಕ್ಕೆ ಹಾಕಬೇಕು, ಯಾವುದಕ್ಕೆ ಹಾಕಬಾರದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಚಿತ್ರದ ಹಿಂದು ಮುಂದು ಕತ್ತರಿಸಿ ಕಳುಹಿಸುವುದಷ್ಟೇ ಕೆಲಸವಾದರೆ ಮೊಬೈಲೇ ಸಾಕು, ಕಂಪ್ಯೂಟರಿನ ಅಗತ್ಯವಿಲ್ಲ. ಹತ್ತು ಹದಿನೈದು ನಿಮಿಷದ ಚಿತ್ರಗಳನ್ನು ವಿವರಣೆಯ ಧ್ವನಿ, ಕನ್ನಡ ಶೀರ್ಷಿಕೆಗಳೊಂದಿಗೆ ಮೇಲಿಂದ ಮೇಲೆ ತಯಾರಿಸುವವರು ಮಾತ್ರ ಮುಂದೆ ಓದಬಹುದು.

ಮೊದಲು ಕೆಲಸದ ಅಳತೆ

ಬಾವಿಯ ಆಳ, ನೀರೆತ್ತುವ ಎತ್ತರ ತಿಳಿಯದೆ ಯಾರೂ ಪಂಪ್‌ಸೆಟ್ಟಿನ ಅಶ್ವಶಕ್ತಿ ನಿರ್ಧರಿಸುವುದಿಲ್ಲ. ಇಲ್ಲಿಯೂ ಹಾಗೆಯೇ. ಫುಲ್ ಎಚ್.ಡಿ. ಚಿತ್ರದಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080 ಚುಕ್ಕೆಗಳಿರುತ್ತವೆ. 4ಕೆ ಚಿತ್ರದಲ್ಲಿ 3840 ಮತ್ತು 2160, ಅಂದರೆ ಒಟ್ಟು ನಾಲ್ಕು ಪಟ್ಟು. ಮೊಬೈಲಿನ 4ಕೆ ಚಿತ್ರೀಕರಣಕ್ಕೆ ನಿಮಿಷಕ್ಕೆ 170ರಿಂದ 350 ಎಂ.ಬಿ.ವರೆಗೆ ಜಾಗ ಬೇಕಾಗುತ್ತದೆ. ಒಂದು ದಿನ ಹೊಲದಲ್ಲಿ ಒಂದು ಗಂಟೆಯಷ್ಟು ಚಿತ್ರಿಸಿದರೆ 10ರಿಂದ 21 ಜಿ.ಬಿ. ಆಯಿತು. ನಮ್ಮ ವೀಕ್ಷಕರಲ್ಲಿ ಹೆಚ್ಚಿನವರು ಮೊಬೈಲಿನಲ್ಲೇ ನೋಡುವುದರಿಂದ ಸಿದ್ಧ ಚಿತ್ರ ಫುಲ್ ಎಚ್.ಡಿ. ಇದ್ದರೆ ಸಾಕು. ಆದರೆ ಎಲೆಯ ಕೆಳಭಾಗದ ಹೇನು, ಕಾಯಿಯ ಮೇಲಿನ ಸಣ್ಣ ರಂಧ್ರ ಇಂಥವನ್ನು 4ಕೆಯಲ್ಲಿ ತೆಗೆದರೆ ಎಡಿಟಿಂಗ್ ವೇಳೆ ಆ ಭಾಗವನ್ನು ಮಾತ್ರ ದೊಡ್ಡದಾಗಿಸಿ ತೋರಿಸಬಹುದು. ಈ ಲಾಭ ಸಣ್ಣದಲ್ಲ.

ಪ್ರೊಸೆಸರ್

ಮೊಬೈಲು ಪ್ರತಿಯೊಂದು ಚಿತ್ರವನ್ನೂ ಪೂರ್ಣವಾಗಿ ಉಳಿಸಿಕೊಳ್ಳುವುದಿಲ್ಲ. ಸಹಕಾರ ಸಂಘದ ಪುಸ್ತಕದಲ್ಲಿ ತಿಂಗಳ ಮೊದಲ ದಿನ ಪೂರ್ಣ ಶಿಲ್ಕು ಬರೆದು, ನಂತರ ಬಂದದ್ದು ಹೋದದ್ದನ್ನು ಮಾತ್ರ ಬರೆಯುವಂತೆ, ಆಗೊಮ್ಮೆ ಈಗೊಮ್ಮೆ ಒಂದು ಪೂರ್ಣ ಚಿತ್ರವನ್ನಿಟ್ಟು ಉಳಿದವುಗಳಲ್ಲಿ ಆದ ಬದಲಾವಣೆಯನ್ನಷ್ಟೇ ದಾಖಲಿಸುತ್ತದೆ. ಇದರಿಂದ ಜಾಗ ಉಳಿಯುತ್ತದೆ. ಆದರೆ ಎಡಿಟಿಂಗ್ ಮಾಡುವವರು ಚಿತ್ರದ ನಡುವೆ ಎಲ್ಲೆಂದರಲ್ಲಿ ಹೋಗಿ ನಿಲ್ಲುತ್ತಾರೆ. 20ನೆಯ ತಾರೀಖಿನ ಶಿಲ್ಕು ಕೇಳಿದರೆ ಮೊದಲಿನಿಂದ ಕೂಡಿ ಕಳೆದು ಹೇಳಬೇಕಾದಂತೆ, ಕಂಪ್ಯೂಟರ್ ಪ್ರತಿ ಸಲವೂ ಲೆಕ್ಕ ಮಾಡಬೇಕಾಗುತ್ತದೆ. 2003ರಲ್ಲಿ ಬಂದ ಎಚ್.264 ವಿಧಾನಕ್ಕಿಂತ 2013ರ ಎಚ್.265 ವಿಧಾನದಲ್ಲಿ ಜಾಗದ ಉಳಿತಾಯ ಹೆಚ್ಚು, ಲೆಕ್ಕವೂ ಹೆಚ್ಚು. ಪತ್ರ ಬರೆಯಲು, ಲೆಕ್ಕ ಇಡಲು ಚೆನ್ನಾಗಿಯೇ ಇರುವ ಕಂಪ್ಯೂಟರು ಮೊಬೈಲಿನ ಚಿತ್ರ ಹಾಕಿದೊಡನೆ ತಡವರಿಸುವುದು ಈ ಕಾರಣದಿಂದ.

ಈ ಲೆಕ್ಕಕ್ಕೆಂದೇ ಕೆಲವು ಪ್ರೊಸೆಸರ್‌ಗಳಲ್ಲಿ ಪ್ರತ್ಯೇಕ ಭಾಗವಿರುತ್ತದೆ. ಇಂಟೆಲ್ ಕಂಪನಿ 2011ರಿಂದ ಇದನ್ನು ಕ್ವಿಕ್ ಸಿಂಕ್ ಎಂಬ ಹೆಸರಿನಲ್ಲಿ ಒದಗಿಸುತ್ತಿದೆ. ಆದರೆ ಡೆಸ್ಕ್‌ಟಾಪ್ ಪ್ರೊಸೆಸರಿನ ಹೆಸರಿನ ಕೊನೆಗೆ 'ಎಫ್' ಅಕ್ಷರವಿದ್ದರೆ ಈ ಭಾಗ ಕೆಲಸಕ್ಕೆ ದೊರೆಯುವುದಿಲ್ಲ. ಸ್ವಲ್ಪ ಅಗ್ಗವೆಂದು ಅಂಗಡಿಯವರು ಅದನ್ನೇ ತೋರಿಸುವುದುಂಟು. ಬೇರೆ ಗ್ರಾಫಿಕ್ಸ್ ಕಾರ್ಡ್ ಕೊಳ್ಳದವರು ಅದನ್ನು ತೆಗೆದುಕೊಳ್ಳಬಾರದು. ಆರು ಕೋರ್‌ಗಳ ಇಂಟೆಲ್ ಐ5 ಅಥವಾ ಎ.ಎಂ.ಡಿ. ರೈಜೆನ್ 5 ಮಟ್ಟದ ಇತ್ತೀಚಿನ ಪ್ರೊಸೆಸರ್ ನಮ್ಮ ಕೆಲಸಕ್ಕೆ ಸಾಕಾಗುತ್ತದೆ.

ಗ್ರಾಫಿಕ್ಸ್ ಕಾರ್ಡ್ ಬೇಕೇ ಎಂಬುದು ಬಳಸುವ ತಂತ್ರಾಂಶವನ್ನು ಅವಲಂಬಿಸಿದೆ. ಉಚಿತವಾಗಿ ದೊರೆಯುವ ಕೆಡೆನ್‌ಲೈವ್ ಮತ್ತು ಶಾಟ್‌ಕಟ್‌ಗಳಲ್ಲಿ ಕಾರ್ಡ್ ಇಲ್ಲದೆ ಕೆಲಸ ಸಾಗುತ್ತದೆ. ಡಾವಿಂಚಿ ರಿಸಾಲ್ವ್ ಬಣ್ಣ ಸರಿಪಡಿಸುವುದರಲ್ಲಿ ಶ್ರೇಷ್ಠ, ಉಚಿತ ಆವೃತ್ತಿಯೂ ಇದೆ. ಆದರೆ ಅದು ಗ್ರಾಫಿಕ್ಸ್ ಕಾರ್ಡಿನ ಮೇಲೆ ಬಹಳ ಭಾರ ಹಾಕುತ್ತದೆ. ಮೊದಲ ವರ್ಷ ಕಾರ್ಡ್ ಇಲ್ಲದೆ ನಡೆಸಿ, ಅಗತ್ಯ ಕಂಡರೆ ಮುಂದೆ ಸೇರಿಸುವುದು ಮೇಲು. ಇದಕ್ಕೆ ಅವಕಾಶವಿರುವುದು ಡೆಸ್ಕ್‌ಟಾಪ್‌ನಲ್ಲಿ ಮಾತ್ರ. ಲ್ಯಾಪ್‌ಟಾಪ್ ಹೊತ್ತು ತಿರುಗಲು ಅನುಕೂಲ, ಕರೆಂಟ್ ಹೋದರೂ ನಡೆಯುತ್ತದೆ, ನಿಜ. ಆದರೆ ದೀರ್ಘ ಕೆಲಸದಲ್ಲಿ ಬಿಸಿಯಾಗಿ ನಿಧಾನವಾಗುತ್ತದೆ. ಒಂದೇ ಕಡೆ ಕುಳಿತು ಕೆಲಸ ಮಾಡುವವರಿಗೆ ಡೆಸ್ಕ್‌ಟಾಪ್ ಸೂಕ್ತವೆಂದೇ ನನ್ನ ಅಭಿಪ್ರಾಯ.

ರ‍್ಯಾಮ್ ಫುಲ್ ಎಚ್.ಡಿ.ಗೆ 16 ಜಿ.ಬಿ., 4ಕೆಗೆ 32 ಜಿ.ಬಿ. ಇರಲಿ. ಸದ್ಯ 16 ಹಾಕಿಸುವವರು ಮುಂದೆ ಸೇರಿಸಲು ಖಾಲಿ ಜಾಗ ಇದೆಯೇ ಎಂದು ಕೇಳಿ ತಿಳಿಯಬೇಕು. ಚಿತ್ರಗಳನ್ನಿಟ್ಟುಕೊಂಡು ಕೆಲಸ ಮಾಡಲು ಎನ್.ವಿ.ಎಂ.ಇ. ಮಾದರಿಯ ಎಸ್.ಎಸ್.ಡಿ. ಅವಶ್ಯಕ. ಹಳೆಯ ಮಾದರಿಯ ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 150ರಿಂದ 200 ಎಂ.ಬಿ. ಓದಿದರೆ, ಇದು 2,000 ಎಂ.ಬಿ.ಗೂ ಹೆಚ್ಚು ಓದುತ್ತದೆ. ಮುಗಿದ ಕೆಲಸವನ್ನು ಕೂಡಿಡಲು ಹಾರ್ಡ್ ಡಿಸ್ಕ್ ಅಗ್ಗ. ಆದರೆ ಬೀಜದ ಕಾಳನ್ನು ಒಂದೇ ವಾಡೆಯಲ್ಲಿ ತುಂಬಿಡದಂತೆ, ಚಿತ್ರಗಳನ್ನೂ ಎರಡು ಬೇರೆ ಬೇರೆ ಡಿಸ್ಕ್‌ಗಳಲ್ಲಿಡಬೇಕು.

ಇರುವ ಕಂಪ್ಯೂಟರಿನಲ್ಲೇ 4ಕೆ ಚಿತ್ರ ತಡವರಿಸಿದರೆ ಪ್ರಾಕ್ಸಿ ವಿಧಾನ ಅನುಸರಿಸಬಹುದು. ತಂತ್ರಾಂಶವು ಪ್ರತಿ ಚಿತ್ರಕ್ಕೂ ಒಂದು ಹಗುರ ನಕಲು ಮಾಡಿಕೊಳ್ಳುತ್ತದೆ. ಕತ್ತರಿಸುವ ಕೆಲಸ ನಕಲಿನ ಮೇಲೆ ನಡೆದು, ಕೊನೆಗೆ ಮೂಲ ಚಿತ್ರದಿಂದಲೇ ಸಿದ್ಧ ಪ್ರತಿ ಹೊರಬರುತ್ತದೆ. ಮೇಲೆ ಹೇಳಿದ ಮೂರೂ ತಂತ್ರಾಂಶಗಳಲ್ಲಿ ಈ ಸೌಲಭ್ಯವಿದೆ.

ಹಳೆಯ ಕಂಪ್ಯೂಟರ್ ಕೊಳ್ಳುವವರು ಒಂದು ವಿಷಯ ಮರೆಯಬಾರದು. ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲ್ ಪ್ರೊಸೆಸರ್‌ಗಳಲ್ಲಿ ಸಾಮಾನ್ಯವಾಗಿ 8ನೆಯ ಪೀಳಿಗೆಗಿಂತ ಹಳೆಯವುಗಳಿಗೆ ವಿಂಡೋಸ್ 11 ಅಧಿಕೃತವಾಗಿ ಒಗ್ಗುವುದಿಲ್ಲ. ಅಂಥ ಯಂತ್ರಗಳು ಈಗ ಅಗ್ಗಕ್ಕೆ ಮಾರಾಟಕ್ಕಿವೆ.

ಮಾನಿಟರ್: ಬಣ್ಣವೇ ಮುಖ್ಯ

ಹೆಚ್ಚಿನವರು ಇರುವ ಹಣವನ್ನೆಲ್ಲ ಕಂಪ್ಯೂಟರಿಗೆ ಸುರಿದು, ಉಳಿದದ್ದರಲ್ಲಿ ಸಿಕ್ಕ ಮಾನಿಟರ್ ತರುತ್ತಾರೆ. ಮದುವೆಯ ವಿಡಿಯೋ ಮಾಡುವವರಿಗೆ ಇದರಿಂದ ದೊಡ್ಡ ನಷ್ಟವಿರಲಾರದು. ಬೆಳೆಯ ಚಿತ್ರ ಮಾಡುವವರಿಗೆ ಇದೆ.

ನನಗೇ ಆದ ಅನುಭವ ಹೇಳುತ್ತೇನೆ. ಶೇಂಗಾ ಬೆಳೆಯಲ್ಲಿ ಕಬ್ಬಿಣದ ಕೊರತೆಯ ಬಗ್ಗೆ ಒಂದು ಚಿತ್ರ ತೆಗೆದು, ರಾತ್ರಿ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಎಡಿಟಿಂಗ್‌ಗೆ ಕುಳಿತೆ. ಕಣ್ಣಿಗೆ ತಂಪಾಗಲೆಂದು ಪರದೆಯನ್ನು ಹಳದಿಗೆ ತಿರುಗಿಸುವ ನೈಟ್ ಲೈಟ್ ಚಾಲೂ ಇದ್ದುದು ನನ್ನ ಗಮನಕ್ಕೆ ಬರಲಿಲ್ಲ. ಚಿತ್ರ ತೀರಾ ಹಳದಿಯಾಗಿದೆಯೆಂದು ಭಾವಿಸಿ ನೀಲಿ ಸೇರಿಸಿ 'ಸರಿ' ಮಾಡಿದೆ. ಮರುವಾರ ಊರಿನಲ್ಲಿ ತೋರಿಸಿದಾಗ ಎಲೆಯ ಹಳದಿ ಮಾಯವಾಗಿ ಬೂದು ಬಿಳುಪಾಗಿ ಕಾಣುತ್ತಿತ್ತು. ಹಿರಿಯ ರೈತರೊಬ್ಬರು, "ಸಾಹೇಬ್ರ, ಇದು ಬೂದಿ ರೋಗ ಇದ್ದಂಗ ಐತಿ, ಯಾವ ಔಷಧ ಹೊಡೀಬೇಕ್ರಿ?" ಎಂದು ಕೇಳಿದರು. ಅಲ್ಲಿ ಎದುರಿಗೇ ಇದ್ದುದರಿಂದ ವಿವರಿಸಿ ಹೇಳಿದೆ. ವಾಟ್ಸಾಪ್‌ನಲ್ಲಿ ಅದಾಗಲೇ ಬೇರೆ ಊರುಗಳಿಗೆ ಹೋಗಿದ್ದ ಪ್ರತಿಗಳಿಗೆ ವಿವರಿಸುವವರು ಯಾರು?

ಕಬ್ಬಿಣದ ಕೊರತೆಯಲ್ಲಿ ಮೇಲಿನ ಎಳೆಯ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಸಾರಜನಕದ ಕೊರತೆಯಲ್ಲಿ ಕೆಳಗಿನ ಹಳೆಯ ಎಲೆಗಳು ಇಡಿಯಾಗಿ ಹಳದಿಯಾಗುತ್ತವೆ. ಹಸಿರು ನರಕ್ಕೂ ತಿಳಿ ಹಳದಿ ಎಲೆಗೂ ಇರುವ ಸೂಕ್ಷ್ಮ ವ್ಯತ್ಯಾಸ ಪರದೆಯಲ್ಲಿ ಕಾಣದಿದ್ದರೆ ಎಡಿಟಿಂಗ್ ಮಾಡುವವರು ಅದನ್ನು ಅರಿವಿಲ್ಲದೆ ಅಳಿಸಿಬಿಡುತ್ತಾರೆ. ಅದನ್ನು ನೋಡಿದ ರೈತರು ಕಬ್ಬಿಣದ ಸಲ್ಫೇಟ್ ಸಿಂಪಡಿಸುವ ಬದಲು ಯೂರಿಯಾ ಹಾಕಿ ಹಣ ಕಳೆದುಕೊಳ್ಳಬಹುದು.

ಆದ್ದರಿಂದ ಐ.ಪಿ.ಎಸ್. ಪರದೆಯ ಮಾನಿಟರನ್ನೇ ಆರಿಸಬೇಕು. ಟಿ.ಎನ್. ಪರದೆಯಲ್ಲಿ ತಲೆ ಸ್ವಲ್ಪ ಮೇಲೆ ಕೆಳಗೆ ಮಾಡಿದರೂ ಬಣ್ಣ ಬದಲಾಗುತ್ತದೆ. ಬಣ್ಣದ ವ್ಯಾಪ್ತಿಯನ್ನು ಎಸ್‌.ಆರ್‌.ಜಿ.ಬಿ. ಎಂಬ ಅಳತೆಯಲ್ಲಿ ಕೊಟ್ಟಿರುತ್ತಾರೆ. ಅದು ಶೇ. 100ರ ಸಮೀಪವಿರಲಿ. ಕೆಲವರು ಎನ್.ಟಿ.ಎಸ್.ಸಿ. ಎಂಬ ಬೇರೆ ಅಳತೆ ಮುದ್ರಿಸುತ್ತಾರೆ. ಅದರಲ್ಲಿ ಶೇ. 72 ಎಂದರೆ ಎಸ್‌.ಆರ್‌.ಜಿ.ಬಿ.ಗೆ ಹೆಚ್ಚು ಕಡಿಮೆ ಸಮ. ಶೇ. 45 ಎಂದಿದ್ದರೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಬಣ್ಣ ಕೊರತೆ ಎಂದು ತಿಳಿಯಬೇಕು. ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಇದೇ ಹೆಚ್ಚು. ಲ್ಯಾಪ್‌ಟಾಪ್ ಇದ್ದವರೂ ಪ್ರತ್ಯೇಕ ಮಾನಿಟರ್ ಜೋಡಿಸಿಕೊಳ್ಳುವುದು ಒಳ್ಳೆಯದೆನ್ನಲು ಇದೇ ಕಾರಣ.

ಗಾತ್ರದಲ್ಲಿ 24 ಇಂಚಿಗೆ ಫುಲ್ ಎಚ್.ಡಿ. ಸಾಕು. 27 ಇಂಚಿನದಾದರೆ 2560 ಮತ್ತು 1440 ಚುಕ್ಕೆಗಳದು ಕಣ್ಣಿಗೆ ಹಿತ. 144 ಹರ್ಟ್ಸ್, ಬಾಗಿದ ಪರದೆ, ಬಣ್ಣಬಣ್ಣದ ದೀಪ ಇವು ಆಟ ಆಡುವವರಿಗೆ. ಮೊಬೈಲಿನ ಚಿತ್ರ ಸಾಮಾನ್ಯವಾಗಿ ಸೆಕೆಂಡಿಗೆ 30 ಇರುವಾಗ ನಮಗೆ 60 ಹರ್ಟ್ಸ್ ಧಾರಾಳ.

ಮಾನಿಟರ್ ತಂದ ಮೇಲೆ ಅದರ ಪಟ್ಟಿಯಲ್ಲಿ ಎಸ್‌.ಆರ್‌.ಜಿ.ಬಿ. ಅಥವಾ 6500 ಕೆಲ್ವಿನ್ ಆರಿಸಿ, ನೈಟ್ ಲೈಟ್ ಹಾಗೂ 'ವಿವಿಡ್' ಮುಂತಾದ ಮೆರುಗುಗಳನ್ನು ತೆಗೆದುಹಾಕಬೇಕು. ಕಿಟಕಿಯ ಬೆಳಕು ಪರದೆಯ ಮೇಲೆ ನೇರ ಬೀಳಬಾರದು. ಮೊಬೈಲಿನಲ್ಲಿ ಎಚ್.ಡಿ.ಆರ್. ಚಾಲೂ ಇದ್ದರೆ ಚಿತ್ರ ಕಂಪ್ಯೂಟರಿನಲ್ಲಿ ಸೊರಗಿದಂತೆ ಕಾಣುವುದುಂಟು, ಆದ್ದರಿಂದ ಚಿತ್ರೀಕರಣಕ್ಕೆ ಮೊದಲೇ ಅದನ್ನು ನಿಲ್ಲಿಸಿಡಿ. ಚಿತ್ರ ತೆಗೆಯುವಾಗ ಒಂದು ಬಿಳಿ ಕಾಗದವನ್ನು ಗಿಡದ ಪಕ್ಕ ಹಿಡಿದು ಕ್ಷಣಕಾಲ ಚಿತ್ರಿಸಿಕೊಂಡರೆ ಬಣ್ಣ ಸರಿಪಡಿಸಲು ಆಧಾರ ಸಿಗುತ್ತದೆ. ಭತ್ತದ ಚಿತ್ರವಾದರೆ ಎಲೆ ಬಣ್ಣದ ಪಟ್ಟಿಯನ್ನೇ ಹಿಡಿಯಬಹುದು. ಅದೇ ಗಿಡದ ಎಲೆಯೊಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು, ಹಗಲು ಬೆಳಕಿನಲ್ಲಿ ನೋಡಿ ಪರದೆಯ ಬಣ್ಣದೊಂದಿಗೆ ಹೋಲಿಸುವುದು ಖರ್ಚಿಲ್ಲದ ಪರೀಕ್ಷೆ. ಚಿತ್ರ ಹಂಚುವ ಮೊದಲು ಎರಡು ಮೂರು ಬೇರೆ ಬೇರೆ ಮೊಬೈಲುಗಳಲ್ಲಿ ನೋಡಿ.

ವಿದ್ಯುತ್ ಮತ್ತು ಅಂಗಡಿ

ಕರೆಂಟ್ ಏರಿಳಿತವಿರುವಲ್ಲಿ ಯು.ಪಿ.ಎಸ್. ಇಲ್ಲದೆ ಡೆಸ್ಕ್‌ಟಾಪ್ ನಡೆಸಬಾರದು. 600 ವಿ.ಎ. ಯು.ಪಿ.ಎಸ್. ಸಾಮಾನ್ಯವಾಗಿ 360 ವಾಟ್ ಭಾರ ತಡೆಯುತ್ತದೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಕ್ಕೆ ಅಷ್ಟು ಸಾಕು, ಕಾರ್ಡ್ ಇದ್ದರೆ ದೊಡ್ಡದು ಬೇಕು. ಮನೆಯ ಇನ್ವರ್ಟರಿಗೆ ಜೋಡಿಸುವವರು ಅದರ ಸ್ವಿಚ್ಚನ್ನು ಯು.ಪಿ.ಎಸ್. ಕಡೆಗೆ ಇಟ್ಟಿರಬೇಕು. ಅರ್ಥಿಂಗ್ ಸರಿಯಿದೆಯೇ ಎಂದು ಮೊದಲೇ ಪರೀಕ್ಷಿಸಿ.

ಅಂಗಡಿಗೆ ಹೋಗುವಾಗ ನಿಮ್ಮ ಮೊಬೈಲಿನಲ್ಲಿ ತೆಗೆದ ಐದು ನಿಮಿಷದ ಚಿತ್ರವನ್ನು ಪೆನ್ ಡ್ರೈವ್‌ನಲ್ಲಿ ಒಯ್ಯಿರಿ. ಅದನ್ನು ಕಂಪ್ಯೂಟರಿಗೆ ನಕಲು ಮಾಡಿಸಿ, ತಂತ್ರಾಂಶದಲ್ಲಿ ಹಾಕಿಸಿ, ಹಿಂದೆ ಮುಂದೆ ಓಡಿಸಿ ನೋಡಿ. ಶೀರ್ಷಿಕೆಯ ಜಾಗದಲ್ಲಿ 'ಕೃಷಿ', 'ಸಸ್ಯ ಸಂರಕ್ಷಣೆ' ಎಂದು ಯೂನಿಕೋಡ್ ಅಕ್ಷರಗಳಲ್ಲಿ ಬರೆಯಿಸಿ. ಒತ್ತಕ್ಷರಗಳು ಒಡೆದು ಬಂದರೆ ಆ ತಂತ್ರಾಂಶದಲ್ಲಿ ಭಾರತೀಯ ಭಾಷೆಗಳ ಆಯ್ಕೆ ಬೇರೆ ಇದೆಯೇ ಎಂದು ಅಲ್ಲಿಯೇ ಹುಡುಕಿಸಿ. ಮಾನಿಟರಿನಲ್ಲಿ ಪೂರ್ಣ ಬಿಳಿ, ಪೂರ್ಣ ಕಪ್ಪು ಪರದೆ ತೋರಿಸಿ ಸತ್ತ ಚುಕ್ಕೆಗಳಿವೆಯೇ ನೋಡಿಕೊಳ್ಳಿ. ಪ್ರೊಸೆಸರಿನ ಪೂರ್ಣ ಹೆಸರು, ಕೊನೆಯ ಅಕ್ಷರ ಸಹಿತ, ಬಿಲ್ಲಿನಲ್ಲಿ ಬರೆದಿರಬೇಕು.